ಕ್ಲಬ್‌ನಿಂದ ಕಾಲೇಜು ತಂಡಕ್ಕೆ: ಬಾಸ್ಕೆಟ್‌ಬಾಲ್ ಆಡುವ ಮಕ್ಕಳಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

ಅಮೆರಿಕದಲ್ಲಿ ಹೈಸ್ಕೂಲ್ ಬಾಸ್ಕೆಟ್‌ಬಾಲ್ ನಡೆಯುವುದು ಚಳಿಗಾಲದಲ್ಲಿ. ಕಾಲೇಜು ತಂಡಗಳ ಸೀಸನ್ ಕೂಡ ಅದೇ ಹೊತ್ತಿಗೆ. ಹಾಗಾಗಿ ಊರೂರು ಸುತ್ತಿ ಹೈಸ್ಕೂಲ್ ಪಂದ್ಯ ನೋಡಲು ಕಾಲೇಜು ಕೋಚ್‌ಗಳಿಗೆ ಪುರುಸೊತ್ತು ಕಡಿಮೆ. ಅವರು ಒಂದೇ ಕಡೆ ಹತ್ತಾರು ತಂಡಗಳನ್ನು ನೋಡುವುದು ವಸಂತದಲ್ಲಿ ಮತ್ತು ಬೇಸಿಗೆಯಲ್ಲಿ, ಕ್ಲಬ್ ಟೂರ್ನಮೆಂಟ್‌ಗಳಲ್ಲಿ. ಕ್ಲಬ್ ಅಂದರೆ ಶಾಲೆಗೆ ಸೇರದ, ಫೀಸ್ ಕಟ್ಟಿ ಆಡುವ ತಂಡ. ಕ್ಲಬ್ ಬಾಸ್ಕೆಟ್‌ಬಾಲ್‌ಗೆ ಇಷ್ಟು ಮಹತ್ವ ಬಂದಿರುವುದು ಈ ಕಾರಣಕ್ಕೆ.

ಇದನ್ನು ಕೇಳಿದ ಕೂಡಲೇ ಮನೆಯವರು ಟೂರ್ನಮೆಂಟ್ ಹುಡುಕಲು ಶುರು ಮಾಡುತ್ತಾರೆ. ಮಗ ಅಥವಾ ಮಗಳು ಎಷ್ಟು ಜನರ ಕಣ್ಣಿಗೆ ಬೀಳುತ್ತಾರೆ ಅನ್ನುವುದೇ ಲೆಕ್ಕವಾಗುತ್ತದೆ. ನನ್ನ ಅಭಿಪ್ರಾಯ ಬೇರೆ. ತಯಾರಿ ಇಲ್ಲದೆ ಕೋಚ್‌ಗಳ ಮುಂದೆ ನಿಲ್ಲುವುದು ಅಡುಗೆ ಆಗುವ ಮೊದಲೇ ಎಲೆ ಹಾಕಿ ಕರೆದ ಹಾಗೆ. ಒಮ್ಮೆ ನೋಡಿ ಬೇಡ ಎಂದುಕೊಂಡ ಕೋಚ್ ಮತ್ತೆ ಬಂದು ನೋಡುವುದು ಕಡಿಮೆ. ಹಾಗಾಗಿ ಇಲ್ಲಿ ಹೇಳುವ ಹೆಜ್ಜೆಗಳಲ್ಲಿ ತಯಾರಿ ಮೊದಲು ಬರುತ್ತದೆ, ತೋರಿಸಿಕೊಳ್ಳುವುದು ಆಮೇಲೆ.

ಹೆಜ್ಜೆ 1: ಕಾಲೇಜು ಅಂದರೆ ಯಾವ ಕಾಲೇಜು ಎಂದು ತಿಳಿದುಕೊಳ್ಳಿ

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಮುಖ್ಯ ಸಂಘಟನೆ ಎನ್‌ಸಿಎಎ. ಅದರಲ್ಲಿ ಮೂರು ಡಿವಿಷನ್‌ಗಳಿವೆ. ಟಿವಿಯಲ್ಲಿ ಹೆಚ್ಚಾಗಿ ಕಾಣುವುದು ಡಿವಿಷನ್ 1. ಅಲ್ಲಿ 350ಕ್ಕೂ ಹೆಚ್ಚು ಕಾಲೇಜುಗಳಿವೆ. ಡಿವಿಷನ್ 2ರಲ್ಲಿ ಸುಮಾರು 300, ಡಿವಿಷನ್ 3ರಲ್ಲಿ 400ಕ್ಕೂ ಹೆಚ್ಚು. ಇವುಗಳ ಜೊತೆಗೆ ಎನ್‌ಎಐಎ ಎಂಬ ಬೇರೆ ಸಂಘಟನೆಯ ಕಾಲೇಜುಗಳಿವೆ, ಎರಡು ವರ್ಷದ ಜೂನಿಯರ್ ಕಾಲೇಜುಗಳಿವೆ. ಹೈಸ್ಕೂಲ್‌ನಲ್ಲಿ ಆಡುವ ಹುಡುಗರಲ್ಲಿ ಎನ್‌ಸಿಎಎ ತಂಡ ಸೇರುವವರು ನೂರಕ್ಕೆ ಮೂರು ನಾಲ್ಕು ಮಂದಿ. ಡಿವಿಷನ್ 1ಕ್ಕೆ ಹೋಗುವವರು ನೂರಕ್ಕೆ ಒಬ್ಬರು ಅಷ್ಟೆ.

ಹಣದ ಲೆಕ್ಕವೂ ಒಂದೊಂದು ಕಡೆ ಒಂದೊಂದು ರೀತಿ. ಡಿವಿಷನ್ 2 ತಂಡ ಒಟ್ಟು 10 ಸ್ಕಾಲರ್‌ಶಿಪ್‌ನಷ್ಟು ಹಣವನ್ನು ಆಟಗಾರರಿಗೆ ಹಂಚಬಹುದು. ಹಾಗಾಗಿ ಅಲ್ಲಿ ಅರ್ಧ, ಕಾಲು ಸ್ಕಾಲರ್‌ಶಿಪ್ ಸಾಮಾನ್ಯ. ಡಿವಿಷನ್ 3ರಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ. ಆದರೆ ಓದಿನ ಮೇಲೆ ಮತ್ತು ಮನೆಯ ಆದಾಯ ನೋಡಿ ಕೊಡುವ ನೆರವು ಇದೆ. ಕೆಲವೊಮ್ಮೆ ಅದೇ ಜಾಸ್ತಿ ಆಗುತ್ತದೆ. ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಕಾಲೇಜುಗಳು ಡಿವಿಷನ್ 1ರಲ್ಲಿದ್ದರೂ ಆಟದ ಸ್ಕಾಲರ್‌ಶಿಪ್ ಕೊಡುವುದಿಲ್ಲ.

ಕೆಳಗಿನ ಡಿವಿಷನ್ ಅಂದರೆ ಸೋಲು ಎಂದುಕೊಳ್ಳುವ ಮನೆಗಳು ಬಹಳ. ಅದು ತಪ್ಪು. ಡಂಕನ್ ರಾಬಿನ್ಸನ್ ಶುರು ಮಾಡಿದ್ದು ವಿಲಿಯಮ್ಸ್ ಎಂಬ ಡಿವಿಷನ್ 3 ಕಾಲೇಜಿನಲ್ಲಿ. ಅಲ್ಲಿಂದ ಡಿವಿಷನ್ 1ರ ಮಿಶಿಗನ್‌ಗೆ ಹೋದರು, ಆಮೇಲೆ ವೃತ್ತಿಪರ ಲೀಗ್ ಆದ ಎನ್‌ಬಿಎಗೆ. ಡೆರಿಕ್ ವೈಟ್ ಡಿವಿಷನ್ 2ರಲ್ಲಿ ಆಡಿ ಬಂದವರು. 2024ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಎನ್‌ಬಿಎ ಪ್ರಶಸ್ತಿ ಗೆದ್ದಾಗ ಅವರು ಆ ತಂಡದಲ್ಲಿದ್ದರು. ಎನ್‌ಬಿಎ ತಾರೆ ಜಿಮ್ಮಿ ಬಟ್ಲರ್ ಕಾಲೇಜಿನ ಮೊದಲ ವರ್ಷ ಆಡಿದ್ದು ಟೆಕ್ಸಸ್‌ನ ಒಂದು ಜೂನಿಯರ್ ಕಾಲೇಜಿನಲ್ಲಿ. ಇಂಥವರು ಅಪರೂಪ, ನಿಜ. ಆದರೆ ನಿಮ್ಮ ಮಗುವಿಗೆ ಆಡಲು ಸಮಯ ಸಿಗುವ ಜಾಗವೇ ಸರಿಯಾದ ಜಾಗ ಅನ್ನುವುದಕ್ಕೆ ಇವರು ಒಳ್ಳೆಯ ಉದಾಹರಣೆ.

ಹೆಜ್ಜೆ 2: ಕ್ಲಬ್ ಆರಿಸುವ ಮೊದಲು ಪ್ರಾಕ್ಟೀಸ್ ನೋಡಿ

ಕ್ಲಬ್‌ನ ವೆಬ್‌ಸೈಟ್ ನೋಡಿ ಹಣ ಕಟ್ಟಬೇಡಿ. ಪಂದ್ಯ ನೋಡಿಯೂ ತೀರ್ಮಾನ ಮಾಡಬೇಡಿ. ಪ್ರಾಕ್ಟೀಸ್‌ಗೆ ಹೋಗಿ ಮೂಲೆಯಲ್ಲಿ ಕುಳಿತುಕೊಳ್ಳಿ. ಮಕ್ಕಳು ಸಾಲಿನಲ್ಲಿ ನಿಂತು ತಮ್ಮ ಸರದಿಗೆ ಕಾಯುತ್ತಿದ್ದಾರೋ, ಆಡುತ್ತಿದ್ದಾರೋ? ತಪ್ಪಾದಾಗ ಕೋಚ್ ಕಿರುಚಿ ಸುಮ್ಮನಾಗುತ್ತಾರೋ, ನಿಲ್ಲಿಸಿ ತೋರಿಸಿಕೊಡುತ್ತಾರೋ? ತಂಡದ ಹತ್ತನೇ ಆಟಗಾರನ ಕಡೆಗೆ ಯಾರಾದರೂ ನೋಡುತ್ತಾರೋ? ಒಂದೂವರೆ ಗಂಟೆ ಕುಳಿತರೆ ಇಷ್ಟೂ ಗೊತ್ತಾಗುತ್ತದೆ.

ಆಮೇಲೆ ಕೇಳಬೇಕಾದ ಪ್ರಶ್ನೆಗಳು. ವಾರಕ್ಕೆ ಎಷ್ಟು ಪ್ರಾಕ್ಟೀಸ್, ತಿಂಗಳಿಗೆ ಎಷ್ಟು ಟೂರ್ನಮೆಂಟ್? ಪ್ರಾಕ್ಟೀಸ್‌ಗಿಂತ ಪಂದ್ಯವೇ ಹೆಚ್ಚಾದರೆ ಆ ಕ್ಲಬ್ ಬಿಟ್ಟುಬಿಡಿ ಎಂದೇ ನಾನು ಹೇಳುತ್ತೇನೆ. ಒಂದು ತಂಡದಲ್ಲಿ ಎಷ್ಟು ಆಟಗಾರರು? ಹದಿನೈದು ಮಂದಿಯನ್ನು ತುಂಬಿಕೊಂಡರೆ ಕ್ಲಬ್‌ಗೆ ಫೀಸ್ ಸಿಗುತ್ತದೆ, ಮಕ್ಕಳಿಗೆ ಆಟ ಸಿಗುವುದಿಲ್ಲ. ಫೀಸ್‌ನಲ್ಲಿ ಏನೇನು ಸೇರಿದೆ, ಪ್ರಯಾಣ ಮತ್ತು ಹೋಟೆಲ್ ಖರ್ಚು ಯಾರದು, ಮಧ್ಯದಲ್ಲಿ ಗಾಯವಾದರೆ ಹಣ ವಾಪಸ್ ಬರುತ್ತದೆಯೇ? ಇವನ್ನೆಲ್ಲ ಬರಹದಲ್ಲಿ ಪಡೆಯಿರಿ.

ಕೊನೆಯ ಪ್ರಶ್ನೆ ಸ್ವಲ್ಪ ಸೂಕ್ಷ್ಮ. "ನಿಮ್ಮ ಹಳೆಯ ಆಟಗಾರರು ಈಗ ಎಲ್ಲಿದ್ದಾರೆ?" ಎಂದು ಕೇಳಿ. ಹೆಚ್ಚಿನ ಕ್ಲಬ್‌ಗಳು ತಮ್ಮ ಒಬ್ಬಿಬ್ಬರು ತಾರೆಗಳ ಹೆಸರು ಹೇಳುತ್ತವೆ. ನೀವು ಅಷ್ಟಕ್ಕೇ ನಿಲ್ಲಬೇಡಿ. ಆ ತಂಡದ ಉಳಿದವರು ಎಲ್ಲಿಗೆ ಹೋದರು, ಎರಡನೇ ವರ್ಷವೂ ಅದೇ ಕಾಲೇಜಿನಲ್ಲಿ ಉಳಿದರೇ ಎಂದು ಕೇಳಿ. ಚೆನ್ನಾಗಿ ನಡೆಯುವ ಕ್ಲಬ್‌ಗೆ ಈ ಉತ್ತರ ಬಾಯಲ್ಲೇ ಇರುತ್ತದೆ.

ಶೂ ಕಂಪನಿಗಳ ಸರ್ಕಿಟ್, ಅಂದರೆ ಅವು ನಡೆಸುವ ಕ್ಲಬ್ ಟೂರ್ನಮೆಂಟ್‌ಗಳ ಸರಣಿ, ಅದರ ಬಗ್ಗೆ ಒಂದು ಮಾತು. ನೈಕಿ, ಅಡಿಡಾಸ್, ಅಂಡರ್ ಆರ್ಮರ್ ಮೂರಕ್ಕೂ ತಮ್ಮದೇ ಸರ್ಕಿಟ್ ಇದೆ. ನೈಕಿ ಸರ್ಕಿಟ್‌ನ ಜುಲೈ ಹಬ್ಬ ಪೀಚ್ ಜ್ಯಾಮ್, ದಕ್ಷಿಣ ಕೆರೊಲಿನಾದ ನಾರ್ತ್ ಆಗಸ್ಟಾದಲ್ಲಿ ನಡೆಯುತ್ತದೆ. ಅಲ್ಲಿ ಆಡುವವರು ದೇಶದ ಮೇಲ್ಪಂಕ್ತಿಯವರು. ಆ ಮಟ್ಟ ಇಲ್ಲದ ಮಗುವನ್ನು ಅಂಥ ತಂಡದ ಬೆಂಚ್ ಮೇಲೆ ಕೂರಿಸುವುದಕ್ಕಿಂತ ಚಿಕ್ಕ ಕ್ಲಬ್‌ನಲ್ಲಿ ಆಡಿಸುವುದು ಎಷ್ಟೋ ಮೇಲು. ಬೆಂಚ್‌ನಲ್ಲಿ ಕುಳಿತವರನ್ನು ಯಾವ ಕೋಚ್ ನೋಡುತ್ತಾರೆ, ಅಲ್ವಾ?

ಹೆಜ್ಜೆ 3: ಕಾಲೇಜು ಆಟಕ್ಕೆ ತಕ್ಕ ಪ್ರಾಕ್ಟೀಸ್

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಹೆಜ್ಜೆ ಇದು. ಹೈಸ್ಕೂಲ್ ಆಟಕ್ಕೂ ಕಾಲೇಜು ಆಟಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಅಳತೆಯಲ್ಲೇ ನೋಡಿ.

ಹೈಸ್ಕೂಲ್ ಕೋರ್ಟ್ 84 ಅಡಿ ಉದ್ದ, ಕಾಲೇಜಿನದು 94 ಅಡಿ. ಹೈಸ್ಕೂಲ್‌ನಲ್ಲಿ ತ್ರೀ ಪಾಯಿಂಟ್ ಗೆರೆ 19 ಅಡಿ 9 ಇಂಚು ದೂರದಲ್ಲಿದೆ. ಕಾಲೇಜಿನಲ್ಲಿ 22 ಅಡಿ 1¾ ಇಂಚು. ಡಿವಿಷನ್ 1 ಪುರುಷರಿಗೆ ಈ ಗೆರೆ 2019-20ರಲ್ಲಿ ಬಂತು, ಮಹಿಳೆಯರಿಗೆ 2021-22ರಲ್ಲಿ. ಎರಡು ಅಡಿಗೂ ಹೆಚ್ಚಿನ ಈ ಅಂತರ ಚಿಕ್ಕದಲ್ಲ. ಹೈಸ್ಕೂಲ್ ಗೆರೆಯಿಂದ ಸಲೀಸಾಗಿ ಹಾಕುವ ಹುಡುಗನ ಶಾಟ್ ಕಾಲೇಜು ಗೆರೆಯಿಂದ ರಿಮ್‌ನ ಮುಂಭಾಗಕ್ಕೆ ತಾಗಿ ಬೀಳುತ್ತದೆ. ದೂರ ಮುಟ್ಟಿಸಲು ತೋಳಿನಿಂದ ಎಸೆಯಲು ಹೋಗಿ ಇರುವ ಫಾರ್ಮ್ ಕೂಡ ಕೆಡುತ್ತದೆ. ಹಾಗಾಗಿ ಅವಸರ ಬೇಡ. ಮೊದಲು ಹತ್ತಿರದಿಂದ ಸರಿಯಾದ ಫಾರ್ಮ್, ಕಾಲಿನ ಬಲ. 10ನೇ ತರಗತಿ ಹೊತ್ತಿಗೆ ನೆಲದ ಮೇಲೆ ಟೇಪ್ ಅಂಟಿಸಿ ಕಾಲೇಜು ಗೆರೆ ಗುರುತು ಮಾಡಿ, ಅಲ್ಲಿಂದ ಅಭ್ಯಾಸ ಶುರು ಮಾಡಿ. ಎಷ್ಟು ಹೊಡೆದೆ ಅನ್ನುವುದಲ್ಲ, ಎಷ್ಟು ಬಿತ್ತು ಅನ್ನುವುದನ್ನು ಪ್ರತಿದಿನ ಬರೆದಿಡಬೇಕು.

ಚೆಂಡು ಸಿಕ್ಕ ತಂಡ ಎಷ್ಟು ಹೊತ್ತಿನೊಳಗೆ ಶಾಟ್ ಹಾಕಬೇಕು ಎಂದು ಹೇಳುವುದು ಶಾಟ್ ಕ್ಲಾಕ್. ಕಾಲೇಜಿನಲ್ಲಿ ಅದು 30 ಸೆಕೆಂಡ್. ಹೈಸ್ಕೂಲ್‌ನಲ್ಲಿ ಎಷ್ಟೋ ರಾಜ್ಯಗಳಲ್ಲಿ ಶಾಟ್ ಕ್ಲಾಕ್ ಇಲ್ಲ. 2022-23ರಿಂದ 35 ಸೆಕೆಂಡ್ ಕ್ಲಾಕ್ ಇಟ್ಟುಕೊಳ್ಳಲು ರಾಜ್ಯಗಳಿಗೆ ಅವಕಾಶ ಕೊಟ್ಟಿದ್ದಾರೆ, ಕಡ್ಡಾಯ ಮಾಡಿಲ್ಲ. ಕ್ಲಬ್ ಪ್ರಾಕ್ಟೀಸ್‌ನಲ್ಲಿ ಕ್ಲಾಕ್ ಇಟ್ಟು ಆಡಿಸಿ. ಅದರಲ್ಲೂ ಕೊನೆಯ ಎಂಟು ಸೆಕೆಂಡ್‌ನಿಂದ ಶುರುವಾಗುವ ಆಟ ಆಡಿಸಿ. ಆಗ ಚೆಂಡು ಯಾರ ಕೈಗೆ ಹೋಗಬೇಕು, ಯಾರು ಸ್ಕ್ರೀನ್ ಕೊಡಬೇಕು (ಎದುರಾಳಿಯ ದಾರಿಗೆ ಅಡ್ಡ ನಿಲ್ಲಬೇಕು), ಉಳಿದವರು ಎಲ್ಲಿ ನಿಲ್ಲಬೇಕು ಎಂಬುದು ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ.

ಇನ್ನು ಜಾಗದ ವಿಷಯ. ಹೈಸ್ಕೂಲ್‌ನಲ್ಲಿ 6 ಅಡಿ 3 ಇಂಚಿನ ಹುಡುಗ ತಂಡದಲ್ಲೇ ಎತ್ತರ, ಸೆಂಟರ್ ಆಡುತ್ತಾನೆ. ರಿಂಗ್ ಹತ್ತಿರ ನಿಂತು ಅಂಕ ಗಳಿಸುತ್ತಾನೆ. ಕಾಲೇಜಿನಲ್ಲಿ ಅದೇ ಎತ್ತರಕ್ಕೆ ಅವನು ಗಾರ್ಡ್. ಡ್ರಿಬಲ್ ಮಾಡಬೇಕು, ಹೊರಗಿನಿಂದ ಶಾಟ್ ಹಾಕಬೇಕು, ಚುರುಕಾದ ಗಾರ್ಡ್‌ಗಳನ್ನು ತಡೆಯಬೇಕು. ಶಾಲೆಯ ಕೋಚ್‌ಗೆ ಇವತ್ತಿನ ಪಂದ್ಯ ಗೆಲ್ಲಬೇಕು, ಹಾಗಾಗಿ ಅವನನ್ನು ಒಳಗೇ ನಿಲ್ಲಿಸುತ್ತಾರೆ. ಅವರನ್ನು ದೂರುವಂತಿಲ್ಲ. ಹೊರಗಿನ ಆಟ ಕಲಿಸಬೇಕಾದ್ದು ಕ್ಲಬ್. ಅದಕ್ಕಾಗಿ ನಾಲ್ಕು ಪಂದ್ಯ ಸೋತರೂ ಸರಿ. ಮುಂದಿನ ಮಟ್ಟದಲ್ಲಿ ಯಾವ ಜಾಗದಲ್ಲಿ ಆಡುತ್ತಾನೋ ಆ ಜಾಗದಲ್ಲಿ ಈಗಲೇ ಆಡಿಸುವ ಧೈರ್ಯ ಇರುವ ಕೋಚ್ ಸಿಕ್ಕರೆ ಬಿಡಬೇಡಿ.

ಡಿಫೆನ್ಸ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಕ್ಲಬ್‌ನಲ್ಲಿ ತಂಡದ ಮುಖ್ಯ ಆಟಗಾರನಾಗಿದ್ದವನು ಕಾಲೇಜಿಗೆ ಹೋದ ಮೊದಲ ವರ್ಷ ಬೆಂಚ್‌ನಿಂದ ಬರುತ್ತಾನೆ. ಐದಾರು ನಿಮಿಷ ಸಿಗುತ್ತದೆ. ಆ ಹೊತ್ತಿನಲ್ಲಿ ಅವನಿಂದ ಇಪ್ಪತ್ತು ಪಾಯಿಂಟ್ ಯಾರೂ ಕೇಳುವುದಿಲ್ಲ. ಎದುರಾಳಿಯನ್ನು ಸುಲಭವಾಗಿ ದಾಟಲು ಬಿಡಬೇಡ, ರೀಬೌಂಡ್‌ಗೆ ಎದುರಾಳಿಯನ್ನು ಬೆನ್ನಿನಿಂದ ತಡೆದು ಬಾಕ್ಸ್ ಔಟ್ ಮಾಡು, ಚೆಂಡು ಕಳೆದುಕೊಳ್ಳಬೇಡ, ಸಿಕ್ಕ ಓಪನ್ ಶಾಟ್ ಹಾಕು. ಇಷ್ಟೇ. ಇದನ್ನು ಮಾಡಿದವನಿಗೆ ಮುಂದಿನ ಪಂದ್ಯದಲ್ಲಿ ಎರಡು ನಿಮಿಷ ಜಾಸ್ತಿ ಸಿಗುತ್ತದೆ. ಅದಕ್ಕೇ ಕ್ಲೋಸ್‌ಔಟ್ (ಶಾಟ್ ಹಾಕಲು ಹೊರಟವನ ಕಡೆ ಓಡಿ ಹತ್ತಿರ ನಿಲ್ಲುವುದು), ಜೊತೆಗಾರನ ಹೆಲ್ಪ್‌ಗೆ ಹೋಗಿ ವಾಪಸ್ ಬರುವುದು, ಪಿಕ್ ಆ್ಯಂಡ್ ರೋಲ್ (ಸ್ಕ್ರೀನ್ ಕೊಟ್ಟವನು ರಿಂಗ್ ಕಡೆ ನುಗ್ಗುವ ಆಟ) ತಡೆಯುವ ಎರಡು ಮೂರು ವಿಧಾನ, ಇವು ಪ್ರತಿ ಪ್ರಾಕ್ಟೀಸ್‌ನಲ್ಲೂ ಇರಬೇಕು. ಜೊತೆಗೆ ಬಾಯಿ ಬಿಟ್ಟು ಮಾತಾಡುವುದು. "ಸ್ಕ್ರೀನ್ ಎಡಕ್ಕೆ", "ನಾನಿದ್ದೇನೆ" ಎಂದು ಕೂಗುವುದು ಕೂಡ ಕಲಿಯಬೇಕಾದ ವಿದ್ಯೆ. ನಾಚಿಕೆ ಸ್ವಭಾವದ ಮಕ್ಕಳಿಗೆ ಇದು ಕಷ್ಟ. ಚಿಕ್ಕ ಗುಂಪಿನಲ್ಲಿ ಮೂವರ ಎದುರು ಮೂವರನ್ನು ಆಡಿಸಿದರೆ ಬೇಗ ಬರುತ್ತದೆ. ಅಲ್ಲಿ ಅಡಗಿಕೊಳ್ಳಲು ಜಾಗ ಇರುವುದಿಲ್ಲ.

ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ತಮ್ಮದೇ ಪಂದ್ಯದ ವಿಡಿಯೋ ನೋಡಿಸಿ. ಕೋಚ್ ಪಾಠ ಮಾಡುವುದು ಬೇಡ. ಒಂದು ಕಡೆ ನಿಲ್ಲಿಸಿ, "ಇಲ್ಲಿ ನಿನಗೆ ಏನು ಕಾಣಿಸಿತು?" ಎಂದು ಕೇಳಿ. ಕಾಲೇಜು ತಂಡಗಳಲ್ಲಿ ವಿಡಿಯೋ ನೋಡುವುದು ದಿನದ ಕೆಲಸ. ಅಲ್ಲಿಗೆ ಹೋದ ಮೇಲೆ ಮೊದಲ ಬಾರಿ ತನ್ನ ತಪ್ಪನ್ನು ಎಲ್ಲರ ಎದುರು ನೋಡುವ ಮಗು ಕುಗ್ಗಿಹೋಗುತ್ತದೆ. ಇಲ್ಲಿಯೇ ರೂಢಿಯಾಗಲಿ.

ಹೆಜ್ಜೆ 4: ಮೈ ಕಾಪಾಡಿಕೊಳ್ಳುವುದು

ಎನ್‌ಬಿಎ ಮತ್ತು ಅಮೆರಿಕದ ರಾಷ್ಟ್ರೀಯ ಸಂಸ್ಥೆ ಯುಎಸ್‌ಎ ಬಾಸ್ಕೆಟ್‌ಬಾಲ್ ಸೇರಿ 2016ರಲ್ಲಿ ಮಕ್ಕಳ ಆಟಕ್ಕೆ ಮಾರ್ಗಸೂಚಿ ಮಾಡಿದವು. 9ರಿಂದ 12ನೇ ತರಗತಿಯವರಿಗೆ ಅದು ಹೇಳುವುದು: ಪ್ರಾಕ್ಟೀಸ್, ಪಂದ್ಯ ಎಲ್ಲ ಸೇರಿ ವಾರಕ್ಕೆ 14 ಗಂಟೆ ದಾಟಬಾರದು. ವಾರದಲ್ಲಿ ಕನಿಷ್ಠ ಒಂದು ದಿನ ಪೂರ್ತಿ ವಿಶ್ರಾಂತಿ. ರಾತ್ರಿ 8ರಿಂದ 10 ಗಂಟೆ ನಿದ್ದೆ. ಶಾಲೆಯ ತಂಡ, ಕ್ಲಬ್, ಖಾಸಗಿ ಟ್ರೇನರ್ ಮೂವರ ಬಳಿಯೂ ಹೋಗುವ ಮಗುವಿನ ವಾರವನ್ನು ಒಂದು ಹಾಳೆಯ ಮೇಲೆ ಬರೆದು ಕೂಡಿಸಿ ನೋಡಿ. ಮೂವರಿಗೂ ತಮ್ಮ ತಮ್ಮ ಗಂಟೆ ಮಾತ್ರ ಗೊತ್ತಿರುತ್ತದೆ. ಒಟ್ಟು ಲೆಕ್ಕ ಹಿಡಿಯುವವರು ಮನೆಯವರೇ.

ಹುಡುಗಿಯರಲ್ಲಿ ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜಿನ ಗಾಯ ಹುಡುಗರಿಗಿಂತ ಜಾಸ್ತಿ. ನೆಗೆದು ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗದಂತೆ ನೋಡಿಕೊಳ್ಳುವುದು, ದಿಕ್ಕು ಬದಲಿಸುವಾಗ ಸೊಂಟ ತಗ್ಗಿಸುವುದು, ಒಂಟಿ ಕಾಲಿನ ಸಮತೋಲ, ಇಂಥವುಗಳನ್ನು ವಾರ್ಮ್ ಅಪ್‌ನಲ್ಲೇ ಸೇರಿಸಿದರೆ ಅಪಾಯ ಕಡಿಮೆಯಾಗುತ್ತದೆ. ಕ್ಲಬ್‌ನಲ್ಲಿ ವಾರ್ಮ್ ಅಪ್ ಅಂದರೆ ಸುಮ್ನೆ ಎರಡು ಸುತ್ತು ಓಡಿಸುವುದಾದರೆ ಕೋಚ್ ಜೊತೆ ಮಾತಾಡಿ. ತೂಕ ಎತ್ತುವ ವ್ಯಾಯಾಮ ತಿಳಿದವರ ಕಣ್ಣೆದುರು ಆಗಲಿ, ಮೊದಲು ಭಂಗಿ, ಆಮೇಲೆ ಭಾರ.

ಹೆಜ್ಜೆ 5: ಮಾರ್ಕ್ಸ್ ಲೆಕ್ಕ 9ನೇ ತರಗತಿಯಿಂದಲೇ

ಆಟ ಚೆನ್ನಾಗಿದ್ದೂ ಓದಿನ ನಿಯಮದಿಂದ ಹೊರಗುಳಿಯುವ ಮಕ್ಕಳಿದ್ದಾರೆ. ಇದು ಪೂರ್ತಿ ತಪ್ಪಿಸಬಹುದಾದ ನಷ್ಟ.

ಡಿವಿಷನ್ 1 ಮತ್ತು 2ರಲ್ಲಿ ಆಡಲು ಹೈಸ್ಕೂಲ್‌ನಲ್ಲಿ 16 ಕೋರ್ ಕೋರ್ಸ್ ಮುಗಿಸಿರಬೇಕು. ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಇವೇ ಮುಖ್ಯ. ಈ ಕೋರ್ಸ್‌ಗಳ ಗ್ರೇಡ್‌ಗಳ ಸರಾಸರಿ, ಅಂದರೆ ಜಿಪಿಎ, 4ರ ಲೆಕ್ಕದಲ್ಲಿ ಡಿವಿಷನ್ 1ಕ್ಕೆ 2.3, ಡಿವಿಷನ್ 2ಕ್ಕೆ 2.2 ಇರಬೇಕು. ಶಾಲೆ ಕೊಡುವ ಒಟ್ಟು ಜಿಪಿಎ ಇಲ್ಲಿ ಲೆಕ್ಕಕ್ಕಿಲ್ಲ, ಕೋರ್ ಕೋರ್ಸ್‌ನದು ಮಾತ್ರ. ಡಿವಿಷನ್ 1ಕ್ಕೆ ಇನ್ನೊಂದು ಬಿಗಿ ನಿಯಮ ಇದೆ. 16ರಲ್ಲಿ 10 ಕೋರ್ಸ್ 12ನೇ ತರಗತಿ ಶುರುವಾಗುವ ಮೊದಲೇ ಮುಗಿದಿರಬೇಕು. ಅದರಲ್ಲಿ 7 ಇಂಗ್ಲಿಷ್, ಗಣಿತ ಅಥವಾ ವಿಜ್ಞಾನದವು. ಆ ಹತ್ತರ ಗ್ರೇಡ್ ಆಮೇಲೆ ಬದಲಿಸಲು ಬರುವುದಿಲ್ಲ. ಅಂದರೆ 9ನೇ ತರಗತಿಯ ಗಣಿತದಲ್ಲಿ ಎಡವಿದ್ದನ್ನು ಕೊನೆಯ ವರ್ಷ ಸರಿ ಮಾಡುತ್ತೇನೆ ಅನ್ನುವ ಹಾಗಿಲ್ಲ.

ಕಾಲೇಜು ಪ್ರವೇಶ ಪರೀಕ್ಷೆಗಳಾದ ಎಸ್‌ಎಟಿ, ಎಸಿಟಿ ಅಂಕ ಬೇಕೆಂಬ ನಿಯಮವನ್ನು ಎನ್‌ಸಿಎಎ 2023ರಲ್ಲಿ ತೆಗೆದುಹಾಕಿತು. ಆದರೆ ಕಾಲೇಜು ತನ್ನ ಪ್ರವೇಶಕ್ಕೆ ಅಥವಾ ಓದಿನ ಸ್ಕಾಲರ್‌ಶಿಪ್‌ಗೆ ಕೇಳಬಹುದು. ಪರೀಕ್ಷೆ ಬರೆಸುವುದೇ ಒಳ್ಳೆಯದು.

ಈಗ ಮಾಡಬೇಕಾದ್ದು ಎರಡು ಕೆಲಸ. ನಿಮ್ಮ ಶಾಲೆಯ ಯಾವ ಕೋರ್ಸ್‌ಗಳಿಗೆ ಎನ್‌ಸಿಎಎ ಮಾನ್ಯತೆ ಇದೆ ಎಂಬ ಪಟ್ಟಿಯನ್ನು ಶಾಲೆಯ ಕೌನ್ಸಿಲರ್ ಜೊತೆ ಕುಳಿತು ನೋಡಿ. ಎಲ್ಲ ಇಂಗ್ಲಿಷ್ ಕೋರ್ಸ್, ಎಲ್ಲ ಗಣಿತ ಕೋರ್ಸ್ ಪಟ್ಟಿಯಲ್ಲಿ ಇರುತ್ತವೆ ಎಂದುಕೊಳ್ಳಬೇಡಿ. ಆಮೇಲೆ ಆಟಗಾರರ ಅರ್ಹತೆ ಪರಿಶೀಲಿಸುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಖಾತೆ ತೆರೆಯಿರಿ. ಮೊದಲಿಗೆ ಉಚಿತ ಪ್ರೊಫೈಲ್ ಸಾಕು. ಡಿವಿಷನ್ 1 ಅಥವಾ 2ರ ಕೋಚ್ ಗಂಭೀರವಾಗಿ ಮಾತಾಡಲು ಶುರು ಮಾಡಿದಾಗ ಹಣ ಕಟ್ಟುವ ಖಾತೆಗೆ ಬದಲಿಸಬಹುದು.

ಹೆಜ್ಜೆ 6: ವಿಡಿಯೋ ಮತ್ತು ಇಮೇಲ್

ಹೈಲೈಟ್ ವಿಡಿಯೋ ಮೂರು ನಾಲ್ಕು ನಿಮಿಷ ಸಾಕು. ಮೊದಲ ಅರ್ಧ ನಿಮಿಷದಲ್ಲೇ ಒಳ್ಳೆಯ ಆಟ ಬರಲಿ. ಪ್ರತಿ ತುಣುಕಿನಲ್ಲಿ ಆಟಗಾರ ಯಾರೆಂದು ಬಾಣ ಅಥವಾ ವೃತ್ತ ಹಾಕಿ ತೋರಿಸಿ. ಬರೀ ಶಾಟ್ ಬೇಡ. ಒಂದು ಒಳ್ಳೆಯ ಪಾಸ್, ಒಂದು ಡಿಫೆನ್ಸ್, ತಪ್ಪು ಮಾಡಿದ ಮೇಲೆ ಹಿಂದಕ್ಕೆ ಓಡಿ ತಡೆದದ್ದು, ಇವೂ ಇರಲಿ. ಜೋರು ಸಂಗೀತ ಬೇಡವೇ ಬೇಡ. ಜೊತೆಗೆ ಎರಡು ಪೂರ್ತಿ ಪಂದ್ಯದ ಲಿಂಕ್ ಕೊಡಿ. ಆಸಕ್ತಿ ಇರುವ ಕೋಚ್ ಆ ಪೂರ್ತಿ ಪಂದ್ಯವನ್ನು ತೆರೆದು ನೋಡುತ್ತಾರೆ.

ಇಮೇಲ್ ಬರೆಯಬೇಕಾದವರು ಆಟಗಾರರೇ, ಅಪ್ಪ ಅಮ್ಮ ಅಲ್ಲ. ಹೆಸರು, ಹೈಸ್ಕೂಲ್ ಮುಗಿಸುವ ವರ್ಷ, ಎತ್ತರ, ಆಡುವ ಜಾಗ, ಕೋರ್ ಜಿಪಿಎ, ಕ್ಲಬ್ ಹೆಸರು, ಜೆರ್ಸಿ ನಂಬರ್, ಮುಂದಿನ ಟೂರ್ನಮೆಂಟ್ ವೇಳಾಪಟ್ಟಿ, ವಿಡಿಯೋ ಲಿಂಕ್, ಕ್ಲಬ್ ಕೋಚ್‌ನ ಫೋನ್. ಎತ್ತರ ಎರಡು ಇಂಚು ಹೆಚ್ಚಿಸಿ ಬರೆಯಬೇಡಿ, ನೋಡಿದ ಕೂಡಲೇ ಗೊತ್ತಾಗುತ್ತದೆ. ಆ ಕಾಲೇಜನ್ನೇ ಯಾಕೆ ಆರಿಸಿದೆ ಎಂದು ಒಂದು ಸಾಲು ಬರೆಯಿರಿ. ಆ ಸಾಲು ಬೇರೆ ಕಾಲೇಜಿಗೆ ಹೊಂದಬಾರದು.

ಉತ್ತರ ಬರದಿದ್ದರೆ ಬೇಸರ ಬೇಡ. ಪುರುಷರ ಡಿವಿಷನ್ 1ರಲ್ಲಿ 10ನೇ ತರಗತಿ ಮುಗಿದ ಮೇಲಿನ ಜೂನ್ 15ಕ್ಕಿಂತ ಮೊದಲು ಆಟಗಾರನಿಗೆ ಫೋನ್ ಅಥವಾ ಮೆಸೇಜ್ ಮಾಡಲು ಕೋಚ್‌ಗೆ ಅನುಮತಿಯೇ ಇಲ್ಲ. ಮಹಿಳೆಯರಿಗೆ ಮತ್ತು ಬೇರೆ ಡಿವಿಷನ್‌ಗಳಿಗೆ ನಿಯಮ ಬೇರೆ. ಹೊಸ ಕ್ಯಾಲೆಂಡರ್ ಪ್ರತಿ ವರ್ಷ ನೋಡಿಕೊಳ್ಳಿ. ಇನ್ನೊಂದು ಎಚ್ಚರ: ಬೇಸಿಗೆ ಕ್ಯಾಂಪ್‌ಗೆ ಬನ್ನಿ ಎಂಬ ಪತ್ರ ಬಂದರೆ ಅದು ಆಫರ್ ಅಲ್ಲ. ಅಂಥ ಪತ್ರ ಬಹಳ ಜನರಿಗೆ ಹೋಗುತ್ತದೆ. ಕೋಚ್ ಪಂದ್ಯಕ್ಕೆ ಬಂದರೇ, ಹೆಸರು ಹಿಡಿದು ಬರೆದರೇ, ಮಾರ್ಕ್ಸ್ ಕೇಳಿದರೇ? ಆಸಕ್ತಿ ಗೊತ್ತಾಗುವುದು ಅದರಿಂದ.

ಹೆಜ್ಜೆ 7: ಕೋಚ್‌ಗಳು ನೋಡುವ ವಾರಾಂತ್ಯ

ಕ್ಲಬ್ ಟೂರ್ನಮೆಂಟ್‌ಗೆ ಡಿವಿಷನ್ 1 ಕೋಚ್‌ಗಳು ಯಾವಾಗ ಬೇಕಾದರೂ ಬರುವಂತಿಲ್ಲ. ಪುರುಷರಲ್ಲಿ ವಸಂತದ ಮತ್ತು ಜುಲೈನ ಕೆಲವು ವಾರಾಂತ್ಯಗಳಿಗೆ ಅವಕಾಶ ಇದೆ. ಇದನ್ನೇ ಲೈವ್ ಪಿರಿಯಡ್ ಅನ್ನುತ್ತಾರೆ. ಟೂರ್ನಮೆಂಟ್‌ಗೆ ಎನ್‌ಸಿಎಎ ಸರ್ಟಿಫಿಕೇಟ್ ಬೇಕು, ಕ್ಲಬ್ ಕೋಚ್‌ಗೆ ಯುಎಸ್‌ಎ ಬಾಸ್ಕೆಟ್‌ಬಾಲ್‌ನ ಲೈಸೆನ್ಸ್ ಬೇಕು. "ಕಾಲೇಜು ಕೋಚ್‌ಗಳು ಬರುತ್ತಾರೆ" ಎಂದು ಜಾಹೀರಾತು ಕೊಡುವ ಟೂರ್ನಮೆಂಟ್ ಈ ದಿನಗಳಲ್ಲಿ ಇಲ್ಲದಿದ್ದರೆ, ಯಾವ ಡಿವಿಷನ್‌ನ ಕೋಚ್‌ಗಳು ಎಂದು ಹಣ ಕಟ್ಟುವ ಮೊದಲೇ ಕೇಳಿ.

ಕೋಚ್ ನೋಡುವುದು ಆಟ ಮಾತ್ರವಲ್ಲ. ಹೊರಗೆ ಕರೆದಾಗ ಆಟಗಾರ ಹೇಗೆ ನಡೆದು ಬರುತ್ತಾನೆ, ಬೆಂಚ್‌ನಲ್ಲಿ ಏನು ಮಾಡುತ್ತಾನೆ, ರೆಫರಿ ತಪ್ಪು ಕೊಟ್ಟಾಗ ಮುಖ ಹೇಗಿರುತ್ತದೆ ಎಲ್ಲವನ್ನೂ ನೋಡುತ್ತಾರೆ. ಮನೆಯವರನ್ನೂ ನೋಡುತ್ತಾರೆ. ದಯವಿಟ್ಟು ಗ್ಯಾಲರಿಯಿಂದ ಕೋಚಿಂಗ್ ಮಾಡಬೇಡಿ.

ಹೆಜ್ಜೆ 8: ಆಫರ್ ಬಂದಾಗ, ಬಾರದಿದ್ದಾಗ

ಬಾಯಿಮಾತಿನ ಆಫರ್‌ಗೆ ಯಾರೂ ಕಟ್ಟುಬಿದ್ದಿರುವುದಿಲ್ಲ. ಕಾಲೇಜೂ ಇಲ್ಲ, ನೀವೂ ಇಲ್ಲ. ಒಂದು ಕಾಲೇಜಿಗೇ ಸೇರುತ್ತೇನೆ ಎಂದು ಸಹಿ ಹಾಕುವ, ಮೊದಲು ಇದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಪದ್ಧತಿ 2024ರಲ್ಲಿ ನಿಂತಿತು. ಈಗ ಕಾಲೇಜು ಕೊಡುವ ಆರ್ಥಿಕ ನೆರವಿನ ಒಪ್ಪಂದವೇ ಮುಖ್ಯ. ಸಹಿ ಹಾಕುವ ಮೊದಲು ಕೇಳಿ: ಹಣ ಒಂದು ವರ್ಷಕ್ಕೋ, ನಾಲ್ಕು ವರ್ಷಕ್ಕೋ? ಗಾಯವಾದರೆ ಏನು? ಇದೇ ಜಾಗದಲ್ಲಿ ಈಗ ಎಷ್ಟು ಆಟಗಾರರಿದ್ದಾರೆ? ಈ ಕೋಚ್ ಹೋದರೂ, ಒಂದು ನಿಮಿಷವೂ ಆಡದಿದ್ದರೂ ಇಲ್ಲಿ ಓದಲು ಇಷ್ಟವಿದೆಯೇ? ಕೊನೆಯ ಪ್ರಶ್ನೆಯನ್ನು ಮಗು ತನ್ನನ್ನೇ ಕೇಳಿಕೊಳ್ಳಬೇಕು.

ಕಾಲೇಜು ಬದಲಿಸಲು ಬಯಸುವ ಆಟಗಾರರ ಹೆಸರು ಸೇರುವ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ ಹೈಸ್ಕೂಲ್ ಮಕ್ಕಳಿಗೆ ಜಾಗ ಕಡಿಮೆಯಾಗಿದೆ. 21-22 ವರ್ಷದ, ಈಗಾಗಲೇ ಕಾಲೇಜಿನಲ್ಲಿ ಆಡಿ ಪಳಗಿದ ಆಟಗಾರ ಸಿಗುವಾಗ ಕೋಚ್‌ಗಳು ಅವರ ಕಡೆ ವಾಲುತ್ತಾರೆ. ಹಾಗಾಗಿ 12ನೇ ತರಗತಿಯ ಡಿಸೆಂಬರ್‌ವರೆಗೂ ಆಫರ್ ಇಲ್ಲ ಅಂದರೆ ಆಟ ಕೆಟ್ಟದು ಎಂದಲ್ಲ. ಆಗ ಪಟ್ಟಿಯನ್ನು ಹಿಗ್ಗಿಸಿ. ಡಿವಿಷನ್ 3, ಎನ್‌ಎಐಎ, ಜೂನಿಯರ್ ಕಾಲೇಜುಗಳಿಗೆ ಬರೆಯಿರಿ. ಅಲ್ಲಿ ವಸಂತದವರೆಗೂ ಜಾಗ ತುಂಬುತ್ತಲೇ ಇರುತ್ತವೆ. ಕ್ಲಬ್ ಕೋಚ್‌ಗೆ ನೇರವಾಗಿ ಹೇಳಿ, "ಈ ಐದು ಕಾಲೇಜುಗಳಿಗೆ ನೀವೇ ಫೋನ್ ಮಾಡಿ" ಎಂದು. ಹೈಸ್ಕೂಲ್ ನಂತರ ಇನ್ನೊಂದು ವರ್ಷ ಪ್ರೆಪ್ ಸ್ಕೂಲ್‌ನಲ್ಲಿ (ಕಾಲೇಜಿಗೆ ತಯಾರು ಮಾಡುವ ಖಾಸಗಿ ಶಾಲೆ) ಆಡುವ ದಾರಿಯೂ ಇದೆ. ಆದರೆ ಡಿವಿಷನ್ 1ರ ಆಸೆ ಇದ್ದರೆ ಒಂದು ವಿಷಯ ನೆನಪಿರಲಿ. ಹೈಸ್ಕೂಲನ್ನು ಸರಿಯಾದ ಸಮಯಕ್ಕೆ ಮುಗಿಸಿದವರಿಗೆ ಆ ವರ್ಷದಲ್ಲಿ ಒಂದೇ ಒಂದು ಕೋರ್ ಕೋರ್ಸ್ ಸೇರಿಸಿಕೊಳ್ಳಲು ಅವಕಾಶ. ಪ್ರೆಪ್ ಸ್ಕೂಲ್‌ಗೆ ಹಣ ಕಟ್ಟುವ ಮೊದಲು ಕೌನ್ಸಿಲರ್ ಹತ್ತಿರ ಆ 16ರ ಪಟ್ಟಿಯನ್ನು ಇನ್ನೊಮ್ಮೆ ಬಿಚ್ಚಿ, ಎಷ್ಟು ಬಾಕಿ ಇದೆ ನೋಡಿ.